ಅಣ್ಣನಿಗೆ ಕುಡಿತ ಬಿಟ್ಟವರ ಮೀಟಿಂಗ್ ಬೇಕು, ಹಾಸನ ಜಿಲ್ಲೆಯಲ್ಲಿ ಹುಡುಕುವುದು ಹೇಗೆ?

ಪಟ್ಟಣದ ತಂಗಿ

ಎಲ್ಲರಿಗೂ ನಮಸ್ಕಾರ. ನಾನು ಬೆಂಗಳೂರಲ್ಲಿ ಕೆಲಸ ಮಾಡುತ್ತೇನೆ. ಅಣ್ಣ, ಅತ್ತಿಗೆ, ಇಬ್ಬರು ಮಕ್ಕಳು, ಅಮ್ಮ ಚನ್ನರಾಯಪಟ್ಟಣದ ಹತ್ತಿರ ನಮ್ಮ ಊರಲ್ಲೇ ಇದ್ದಾರೆ. ತೆಂಗಿನ ತೋಟ, ಹಸು, ಸ್ವಲ್ಪ ರಾಗಿ. ಅಣ್ಣನಿಗೆ ನಲವತ್ತು ದಾಟಿದೆ. ಮೊದಲು ಸಂಜೆ ಮಾತ್ರ ಕುಡಿಯುತ್ತಿದ್ದ. ಈಗ ಬೆಳಿಗ್ಗೆ ಡೈರಿಗೆ ಹಾಲು ಹಾಕಿ ಮನೆಗೆ ಬರುವಷ್ಟರಲ್ಲೇ ಒಂದು ನೈಂಟಿ ಆಗಿರುತ್ತದೆ.

ಬೈದಿದ್ದೇವೆ, ಅತ್ತಿದ್ದೇವೆ, ದೇವರ ಮುಂದೆ ಆಣೆ ಹಾಕಿಸಿದ್ದೇವೆ. ಆದರೆ ಮೊನ್ನೆ ಫೋನಿನಲ್ಲಿ ಅವನೇ ಕೇಳಿದ, "ನನ್ನ ಥರ ಕುಡಿಯುತ್ತಿದ್ದು ಬಿಟ್ಟವರು ಯಾರಾದರೂ ನಿನಗೆ ಗೊತ್ತಾ?" ಅಂತ. ನನಗೆ ಯಾರೂ ಗೊತ್ತಿರಲಿಲ್ಲ. ಅಂಥವರೊಬ್ಬರನ್ನು ಅವನ ಎದುರು ಕೂರಿಸಬೇಕು ಅಂತ ಅವತ್ತಿನಿಂದ ಹುಡುಕುತ್ತಿದ್ದೇನೆ. ನೆಟ್‌ನಲ್ಲಿ ನೋಡಿದರೆ ಬರುವುದೆಲ್ಲ ಡಿಅಡಿಕ್ಷನ್ ಸೆಂಟರ್‌ಗಳ ಜಾಹೀರಾತು.

ಎ.ಎ. (ಆಲ್ಕೋಹಾಲಿಕ್ಸ್ ಅನಾನಿಮಸ್) ಅಂತ ಕುಡಿತ ಬಿಟ್ಟವರೇ ಸೇರುವ ಮೀಟಿಂಗ್ ಇದೆ ಅಂತ ಕೇಳಿದ್ದೇನೆ. ನಮ್ಮ ಕಡೆ ಇದೆಯಾ? ದುಡ್ಡು ಎಷ್ಟು? ಕನ್ನಡದಲ್ಲಿ ಮಾತಾಡುತ್ತಾರಾ? ಹೆಸರು, ಊರು ಬರೆಸಿಕೊಳ್ಳುತ್ತಾರಾ? ಊರಲ್ಲಿ ಗೊತ್ತಾದರೆ ಅಣ್ಣ ಮತ್ತೆ ಆ ಕಡೆ ಕಾಲಿಡುವುದಿಲ್ಲ. ತಿಳಿದವರು ಹೇಳಿ.

ಇವತ್ತಿಗೆ ಸಾಕು

ತಂಗಿ, ನಾನು ಎ.ಎ. ಸದಸ್ಯ. ಬೆಂಗಳೂರಿನವನು. ನಿಮ್ಮ ಅಣ್ಣ ಕೇಳಿದ ಪ್ರಶ್ನೆ ಇದೆಯಲ್ಲ, ನಮ್ಮಲ್ಲಿ ಬಹಳ ಜನ ಒಳಗೆ ಬಂದಿದ್ದು ಅದೇ ಪ್ರಶ್ನೆ ಹಿಡಿದುಕೊಂಡು.

ಹುಡುಕುವ ದಾರಿ ಹೇಳುತ್ತೇನೆ. ಆಲ್ಕೋಹಾಲಿಕ್ಸ್ ಅನಾನಿಮಸ್‌ನ ಭಾರತದ ಕಚೇರಿ ಮುಂಬೈನ ಬೈಕುಲ್ಲಾದಲ್ಲಿದೆ. ಅವರ ವೆಬ್‌ಸೈಟಿನಲ್ಲಿ ಸಹಾಯವಾಣಿ ನಂಬರ್‌ಗಳು ಸಿಗುತ್ತವೆ. ನಿಮಗೆ ಹತ್ತಿರದ ನಂಬರಿಗೆ ಫೋನ್ ಮಾಡಿ. ಆ ಕಡೆ ಫೋನ್ ಎತ್ತುವವರೂ ಸಾಮಾನ್ಯವಾಗಿ ಕುಡಿತ ಬಿಟ್ಟವರೇ. ತಾಲ್ಲೂಕಿನ ಹೆಸರು ಹೇಳಿ, "ಹತ್ತಿರದಲ್ಲಿ ಕನ್ನಡದ ಮೀಟಿಂಗ್ ಯಾವ ವಾರ, ಎಷ್ಟು ಹೊತ್ತಿಗೆ" ಅಂತ ಕೇಳಿ. ಪಟ್ಟಿಯಲ್ಲಿ ಇರುವ ಮೀಟಿಂಗ್ ಈಗಲೂ ನಡೆಯುತ್ತಿದೆಯಾ ಅಂತ ಖಚಿತ ಮಾಡಿಕೊಳ್ಳಿ. ಸಣ್ಣ ಊರುಗಳಲ್ಲಿ ಜಾಗ, ಸಮಯ ಬದಲಾಗುತ್ತಿರುತ್ತವೆ. ಹೋಗಿ ಬಾಗಿಲು ಹಾಕಿರುವುದನ್ನು ನೋಡಿ ವಾಪಸ್ ಬಂದವನನ್ನು ಎರಡನೇ ಸಲ ಹೊರಡಿಸುವುದು ಕಷ್ಟ.

ಇನ್ನೊಂದು ಮಾತು ಕೇಳುವುದನ್ನು ಮರೆಯಬೇಡಿ: "ಮೀಟಿಂಗ್‌ಗೆ ಮೊದಲು ಯಾರಾದರೂ ಅವರ ಜೊತೆ ಮಾತಾಡಬಹುದಾ?" ಅಂತ. ಇದಕ್ಕಾಗಿ ಕೆಲಸ ಬಿಟ್ಟು ಬರುವವರು ನಮ್ಮಲ್ಲಿದ್ದಾರೆ. ನಿಮಗೆ ಬೇಕಾಗಿರುವುದೂ ಅದೇ ಅಲ್ವಾ?

ಫೀಸ್ ಇಲ್ಲ. ಕೊನೆಯಲ್ಲಿ ಒಂದು ಡಬ್ಬಿ ಬರುತ್ತದೆ, ಇದ್ದವರು ಹಾಕುತ್ತಾರೆ, ಇಲ್ಲದವರು ಪಕ್ಕಕ್ಕೆ ದಾಟಿಸುತ್ತಾರೆ. ಬಾಡಿಗೆ, ಟೀ, ಪುಸ್ತಕಕ್ಕೆ ಅದೇ ದುಡ್ಡು. ಹೊರಗಿನವರ ದೇಣಿಗೆ ತೆಗೆದುಕೊಳ್ಳುವುದಿಲ್ಲ. ರಿಜಿಸ್ಟರ್ ಇಲ್ಲ, ಆಧಾರ್ ಕೇಳುವುದಿಲ್ಲ. ಹೆಸರು ಸಾಕು, ಅದನ್ನೂ ಹೇಳಲೇಬೇಕು ಅಂತ ಏನಿಲ್ಲ. ಸೇರಲು ಇರುವ ಅರ್ಹತೆ ಒಂದೇ, ಕುಡಿತ ನಿಲ್ಲಿಸಬೇಕು ಅನ್ನುವ ಆಸೆ.

ಮೀಟಿಂಗ್‌ನಲ್ಲಿ ಎರಡು ಥರ ಇದೆ. ಓಪನ್ ಮೀಟಿಂಗ್‌ಗೆ ನೀವು, ಅತ್ತಿಗೆ ಯಾರು ಬೇಕಾದರೂ ಬಂದು ಕೂರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ಸಮಸ್ಯೆ ಇರುವವರಿಗೆ ಮಾತ್ರ. ಮೊದಲ ಸಲ ಜೊತೆಗೆ ಯಾರಾದರೂ ಹೋಗುವುದಾದರೆ ಓಪನ್ ಯಾವತ್ತು ಅಂತ ಕೇಳಿಕೊಳ್ಳಿ.

ವಾರ್ಡ್ ನರ್ಸ್

ಒಂದು ನಿಮಿಷ. ಮೀಟಿಂಗ್ ಹುಡುಕುವ ಮೊದಲು ಒಂದು ವಿಷಯ ಹೇಳಲೇಬೇಕು. ನಾನು ಮನೋವೈದ್ಯ ವಿಭಾಗದಲ್ಲಿ ನರ್ಸ್.

ಬೆಳಿಗ್ಗೆಯೇ ಕುಡಿಯುತ್ತಾರೆ ಅಂದಿದ್ದೀರಿ. ಎದ್ದ ತಕ್ಷಣ ಕೈ ನಡುಗುತ್ತದಾ? ಬೆವರು, ವಾಕರಿಕೆ ಇದೆಯಾ? ಹಿಂದೆ ಕುಡಿತ ನಿಲ್ಲಿಸಿದಾಗ ಫಿಟ್ಸ್ ಬಂದಿತ್ತಾ? ಇದರಲ್ಲಿ ಒಂದಕ್ಕೆ ಹೌದು ಅಂದರೂ ಮನೆಯಲ್ಲಿ ದಿಢೀರ್ ಅಂತ ನಿಲ್ಲಿಸಬೇಡಿ. ಜೀವಕ್ಕೇ ಅಪಾಯ.

ಕೊನೆಯ ಬಾರಿ ಕುಡಿದ ಆರೇಳು ಗಂಟೆಯಲ್ಲೇ ನಡುಕ ಶುರುವಾಗಬಹುದು. ಮೊದಲ ಎರಡು ದಿನದೊಳಗೆ ಫಿಟ್ಸ್ ಬರುವ ಅಪಾಯ ಜಾಸ್ತಿ. ಎರಡರಿಂದ ನಾಲ್ಕನೇ ದಿನದ ನಡುವೆ ಕೆಲವರಿಗೆ ಪೂರ್ತಿ ಗೊಂದಲವಾಗುತ್ತದೆ, ಇಲ್ಲದ್ದು ಕಾಣಿಸುತ್ತದೆ, ಯಾರೋ ಹೊಡೆಯಲು ಬಂದರು ಅಂತ ಓಡುತ್ತಾರೆ. ಮನೆಯವರು ಗಾಳಿ ಸೋಕಿದೆ ಅಂತ ಮಂತ್ರ ಹಾಕಿಸಲು ಕರೆದುಕೊಂಡು ಹೋಗುತ್ತಾರೆ. ಅದು ತುರ್ತು ಚಿಕಿತ್ಸೆಯ ಹೊತ್ತು, ಆಸ್ಪತ್ರೆಗೇ ಬರಬೇಕು.

ಹಾಗೇ, ಊರ ಕ್ಲಿನಿಕ್‌ನಲ್ಲಿ "ಸುಸ್ತಾಗಿದ್ದಾನೆ, ಎರಡು ಬಾಟಲಿ ಡ್ರಿಪ್ಸ್ ಹಾಕಿ" ಅಂತ ಕೇಳುವ ಅಭ್ಯಾಸ ಇದೆ. ವರ್ಷಗಟ್ಟಲೆ ಕುಡಿದು ಸರಿಯಾಗಿ ಊಟ ಮಾಡದವರ ಮೈಯಲ್ಲಿ ಬಿ1 ವಿಟಮಿನ್, ಅಂದರೆ ಥಯಾಮಿನ್, ತೀರಾ ಕಡಿಮೆ ಇರುತ್ತದೆ. ಅದನ್ನು ಕೊಡದೆ ಬರೀ ಗ್ಲೂಕೋಸ್ ಏರಿಸಿದರೆ ಮೆದುಳಿಗೆ ಪೆಟ್ಟಾಗಬಹುದು. ನೆನಪಿನ ಶಕ್ತಿ ಹೋದರೆ ಪೂರ್ತಿ ವಾಪಸ್ ಬರುತ್ತದೆ ಅನ್ನುವ ಭರವಸೆ ಇಲ್ಲ. ಡಾಕ್ಟರಿಗೆ "ದಿನಾ ಕುಡಿಯುತ್ತಾರೆ" ಅಂತ ನೇರವಾಗಿ ಹೇಳಿ. ಮುಚ್ಚಿಡಬೇಡಿ.

ಪಟ್ಟಣದ ತಂಗಿ

ಬೆಳಿಗ್ಗೆ ಕೈ ನಡುಗುತ್ತದೆ ಅಂತ ಅತ್ತಿಗೆ ಹೇಳುತ್ತಾರೆ. ಟೀ ಲೋಟ ಎರಡೂ ಕೈಯಲ್ಲಿ ಹಿಡಿಯುತ್ತಾನಂತೆ. ಫಿಟ್ಸ್ ಬಂದಿಲ್ಲ. ಹಾಗಾದರೆ ಎಲ್ಲಿಗೆ ಕರೆದುಕೊಂಡು ಹೋಗಬೇಕು? ನಿಮ್ಹಾನ್ಸ್‌ಗೇ ಬರಬೇಕಾ?

ವಾರ್ಡ್ ನರ್ಸ್

ನಿಮ್ಹಾನ್ಸ್‌ನಲ್ಲಿ ವ್ಯಸನ ಚಿಕಿತ್ಸೆಗೇ ಪ್ರತ್ಯೇಕ ವಿಭಾಗ ಇದೆ, ಒಳ್ಳೆಯ ಜಾಗ. ಆದರೆ ಮೊದಲು ಹತ್ತಿರದಲ್ಲೇ ನೋಡಿ. ಹಾಸನದ ಹಿಮ್ಸ್‌ನಲ್ಲಿ ಮನೋವೈದ್ಯ ವಿಭಾಗ ಇದೆ. ಪ್ರತಿ ಸರ್ಕಾರಿ ಮೆಡಿಕಲ್ ಕಾಲೇಜಿನ ಆಸ್ಪತ್ರೆಯಲ್ಲೂ ಇರುತ್ತದೆ. ತಾಲ್ಲೂಕು ಆಸ್ಪತ್ರೆಗಳಿಗೆ ಮನೋಚೈತನ್ಯ ಕಾರ್ಯಕ್ರಮದಲ್ಲಿ ಮನೋವೈದ್ಯರು ಬರುತ್ತಾರೆ, ಸಾಮಾನ್ಯವಾಗಿ ಮಂಗಳವಾರ. ಯಾವ ಮಂಗಳವಾರ ಅಂತ ಆಸ್ಪತ್ರೆಯಲ್ಲೇ ವಿಚಾರಿಸಿ. ಉತ್ತರ ಕರ್ನಾಟಕದವರು ಯಾರಾದರೂ ಓದುತ್ತಿದ್ದರೆ, ನಿಮಗೆ ಧಾರವಾಡದಲ್ಲಿ ಡಿಮ್ಹಾನ್ಸ್ ಇದೆ.

ಯಾವುದಕ್ಕೂ ಮೊದಲು ಇವತ್ತೇ 14416ಕ್ಕೆ ಫೋನ್ ಮಾಡಿ. ಟೆಲಿ ಮಾನಸ್ ಅಂತ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ, ಹಗಲು ರಾತ್ರಿ ಇರುತ್ತದೆ, ಕನ್ನಡದಲ್ಲೇ ಮಾತಾಡುತ್ತಾರೆ, ದುಡ್ಡಿಲ್ಲ. ವ್ಯಸನಕ್ಕೆಂದೇ ಕೇಂದ್ರ ಸರ್ಕಾರದ ಇನ್ನೊಂದು ನಂಬರ್ 14446. ಹತ್ತಿರದ ಸರ್ಕಾರಿ ಅನುದಾನದ ಕೇಂದ್ರ ಯಾವುದು ಅಂತ ಅಲ್ಲಿ ಕೇಳಬಹುದು.

ಮೈಯಿಂದ ನಶೆ ಇಳಿಸುವ ಚಿಕಿತ್ಸೆಗೆ ಸಾಮಾನ್ಯವಾಗಿ ಒಂದು ವಾರ, ಹತ್ತು ದಿನ ಹಿಡಿಯುತ್ತದೆ. ಜೊತೆಗೆ ಒಬ್ಬರು ಇರಬೇಕಾಗಬಹುದು. ಹಸು ನೋಡಿಕೊಳ್ಳುವವರು ಯಾರು, ಮಕ್ಕಳ ಸ್ಕೂಲ್ ಏನು ಅಂತ ಈಗಲೇ ಮಾತಾಡಿಟ್ಟುಕೊಳ್ಳಿ. ಹಾಲು ಕರೆಯುವವರಿಲ್ಲ ಅಂತ ಅರ್ಧಕ್ಕೇ ಎದ್ದು ಹೋದವರನ್ನು ನಾನು ನೋಡಿದ್ದೇನೆ.

ರಾಗಿಮುದ್ದೆ

ಇಷ್ಟೆಲ್ಲ ಯಾಕೆ? ಊಟದಲ್ಲಿ ಗೊತ್ತಾಗದ ಹಾಗೆ ಹಾಕುವ ಪುಡಿ ಸಿಗುತ್ತದೆ. ನಮ್ಮ ಸಂಬಂಧಿಕರು ಕೊರಿಯರ್‌ನಲ್ಲಿ ತರಿಸಿದ್ದರು. ತಿಂದ ಮೇಲೆ ಕುಡಿದರೆ ವಾಂತಿ ಆಗುತ್ತದೆ, ತಾನಾಗೇ ಬಿಡುತ್ತಾರೆ.

ವಾರ್ಡ್ ನರ್ಸ್

ದಯವಿಟ್ಟು ಬೇಡ. ಇಂಥ ಪುಡಿಗಳಲ್ಲಿ ಏನಿದೆ ಅಂತ ಯಾರಿಗೂ ಗೊತ್ತಿರುವುದಿಲ್ಲ. ಕುಡಿದರೆ ವಾಂತಿಯಾಗುತ್ತದೆ ಅಂದರೆ ಡೈಸಲ್ಫಿರಾಮ್ ಇದ್ದರೂ ಇರಬಹುದು. ಅದು ನಿಜವಾದ ಔಷಧಿಯೇ, ಡಾಕ್ಟರ್ ಬರೆದುಕೊಡುತ್ತಾರೆ. ಆದರೆ ರೋಗಿಗೆ ಗೊತ್ತಿದ್ದು, ಒಪ್ಪಿ, ಕುಡಿತ ನಿಲ್ಲಿಸಿದ ಮೇಲೆ ತೆಗೆದುಕೊಳ್ಳಬೇಕು. ಗೊತ್ತಿಲ್ಲದೆ ತಿಂದು ಮೇಲೆ ಕುಡಿದರೆ ಮುಖ ಕೆಂಪೇರಿ, ಎದೆ ಡವಗುಟ್ಟಿ, ಬಿಪಿ ಕುಸಿದು ಬೀಳಬಹುದು. ಹೃದಯದ ತೊಂದರೆ ಇದ್ದವರು ಸತ್ತೇ ಹೋಗಬಹುದು. ಕುಡಿಯುವ ಆಸೆಯನ್ನು ಕಡಿಮೆ ಮಾಡುವ ನಾಲ್ಟ್ರೆಕ್ಸೋನ್, ಅಕಾಂಪ್ರೊಸೇಟ್ ಥರದ ಮಾತ್ರೆಗಳೂ ಇವೆ. ಲಿವರ್, ಕಿಡ್ನಿ ಪರೀಕ್ಷೆ ಮಾಡಿಸಿ, ಅವರಿಗೆ ಹೇಳಿಯೇ ಕೊಡುತ್ತಾರೆ.

ಇವತ್ತಿಗೆ ಸಾಕು

ಇನ್ನೊಂದು ಕಾರಣಕ್ಕೂ ಬೇಡ. ಅಣ್ಣ ತಾನೇ ಬಾಯಿಬಿಟ್ಟು ಕೇಳಿದ್ದಾರೆ. ಇಂಥ ಹೊತ್ತಲ್ಲಿ ಸಾರಿಗೆ ಏನೋ ಬೆರೆಸಿದ್ದು ಗೊತ್ತಾದರೆ, ಆಮೇಲೆ ಮನೆಯವರು ಕೊಟ್ಟ ನೀರನ್ನೂ ಅನುಮಾನದಿಂದ ನೋಡುತ್ತಾರೆ.

ನೇತ್ರಾವತಿ ದಡ

ನಮ್ಮ ಮಾವ ಬಿಟ್ಟಿದ್ದು ಮದ್ಯವರ್ಜನ ಶಿಬಿರದಲ್ಲಿ. ಧರ್ಮಸ್ಥಳ ಗ್ರಾಮಾಭಿವೃದ್ಧಿ ಯೋಜನೆ ಮತ್ತು ಜನಜಾಗೃತಿ ವೇದಿಕೆಯವರು ಊರೂರಲ್ಲಿ ನಡೆಸುತ್ತಾರೆ. ಎಂಟು ದಿನ. ಕಲ್ಯಾಣ ಮಂಟಪದಲ್ಲೋ ಸಮುದಾಯ ಭವನದಲ್ಲೋ ಅಲ್ಲೇ ಉಳಿಯಬೇಕು. ಸಲಹೆ, ಯೋಗ, ಭಜನೆ, ಗುಂಪು ಚರ್ಚೆ. ಮನೆಯವರನ್ನೂ ಕರೆಸಿ ಮಾತಾಡುತ್ತಾರೆ.

ನಿಮ್ಮ ಪ್ರಶ್ನೆಗೆ ಶಿಬಿರಕ್ಕಿಂತ ಮುಖ್ಯವಾದದ್ದು ಅದರ ನಂತರದ್ದು. ಶಿಬಿರ ಮುಗಿಸಿದವರನ್ನು ಸೇರಿಸಿ ನವಜೀವನ ಸಮಿತಿ ಅಂತ ಮಾಡುತ್ತಾರೆ. ಬಿಟ್ಟವರು ತಮ್ಮೂರ ಹತ್ತಿರವೇ ಆಗಾಗ ಒಟ್ಟಿಗೆ ಕೂರುತ್ತಾರೆ. ಯಾರಾದರೂ ಬರದಿದ್ದರೆ ಮನೆಗೆ ಹೋಗಿ ವಿಚಾರಿಸುತ್ತಾರೆ. ಮಾವ ಈಗಲೂ ಹೋಗುತ್ತಾರೆ. ಎ.ಎ. ಇಲ್ಲದ ಹಳ್ಳಿಗಳಲ್ಲೂ ಇದು ಸಿಗುವ ಸಾಧ್ಯತೆ ಇದೆ.

ಹುಡುಕುವುದೂ ಸುಲಭ. ನಿಮ್ಮ ಅಮ್ಮನೋ ಅತ್ತಿಗೆಯೋ ಧರ್ಮಸ್ಥಳ ಸಂಘದಲ್ಲಿ ಇದ್ದಾರಾ? ಇಲ್ಲದಿದ್ದರೆ ಪಕ್ಕದ ಮನೆಯವರು ಇದ್ದೇ ಇರುತ್ತಾರೆ. ಸಂಘದ ಸೇವಾಪ್ರತಿನಿಧಿಯನ್ನು ಕೇಳಿದರೆ ತಾಲ್ಲೂಕು ಯೋಜನಾ ಕಚೇರಿಯ ನಂಬರ್ ಸಿಗುತ್ತದೆ. ಮುಂದಿನ ಶಿಬಿರ ಎಲ್ಲಿ, ಹತ್ತಿರ ಯಾವ ನವಜೀವನ ಸಮಿತಿ ಇದೆ, ಎರಡನ್ನೂ ಕೇಳಿ. ಬೆಳ್ತಂಗಡಿ ಹತ್ತಿರ ಲಾಯಿಲದಲ್ಲಿ ಅವರದ್ದೇ ವ್ಯಸನಮುಕ್ತಿ ಕೇಂದ್ರವೂ ಇದೆ. ಕೈ ನಡುಗುವಷ್ಟು ಕುಡಿಯುತ್ತಿದ್ದಾರೆ ಅಂದರೆ ನರ್ಸ್ ಮೇಡಂ ಹೇಳಿದ ಹಾಗೆ ಮೊದಲು ಡಾಕ್ಟರಿಗೆ ತೋರಿಸಿಯೇ ಸೇರಿಸಿ.

ತೊಂದರೆ ಅಂದರೆ, ಇಲ್ಲಿ ಗುಟ್ಟು ಉಳಿಯುವುದಿಲ್ಲ. ಶಿಬಿರಕ್ಕೆ ಹೋದದ್ದು ಊರಿಗೆಲ್ಲ ಗೊತ್ತಾಗುತ್ತದೆ. ನಮ್ಮ ಮಾವನಿಗೆ ಅದೇ ಬಲ ಕೊಟ್ಟಿತು. ಎಲ್ಲರ ಎದುರು ಬಿಟ್ಟೆ ಅಂದ ಮೇಲೆ ಬಾರಿಗೆ ಹೋಗುವುದು ಅವರಿಗೆ ಕಷ್ಟವಾಯಿತು. ನಿಮ್ಮ ಅಣ್ಣನ ಸ್ವಭಾವಕ್ಕೆ ಯಾವುದು ಹೊಂದುತ್ತದೆ ಅಂತ ನಿಮಗೇ ಗೊತ್ತು.

ಗೌಡ್ರ ಹುಡುಗ

ಎ.ಎ. ಮೀಟಿಂಗ್ ಚರ್ಚ್‌ನಲ್ಲಿ ನಡೆಯುತ್ತದೆ ಅಂತ ಕೇಳಿದ್ದೇನೆ. ಪ್ರಾರ್ಥನೆನೂ ಮಾಡಿಸುತ್ತಾರಂತೆ. ನಮ್ಮಪ್ಪನನ್ನು ಕರೆದರೆ "ಮತಾಂತರ ಮಾಡ್ತಾರೆ" ಅಂತ ಬರಲ್ಲ ಅಂತಾರೆ. ನಿಜ ಏನು?

ಇವತ್ತಿಗೆ ಸಾಕು

ಕೇಳಿದ್ದು ಒಳ್ಳೆಯದಾಯಿತು, ಬಹಳ ಜನ ಕೇಳದೇ ದೂರ ಉಳಿಯುತ್ತಾರೆ. ಬೆಂಗಳೂರಲ್ಲಿ ಚರ್ಚಿನ ಹಾಲ್, ಸ್ಕೂಲ್ ರೂಮ್, ಆಸ್ಪತ್ರೆಯ ಕೋಣೆ, ಹೀಗೆ ಕಡಿಮೆ ಬಾಡಿಗೆಗೆ ಎಲ್ಲಿ ಜಾಗ ಕೊಡುತ್ತಾರೋ ಅಲ್ಲಿ ಮೀಟಿಂಗ್ ಆಗುತ್ತದೆ. ಜಾಗದ ಸಂಬಂಧ ಬಾಡಿಗೆಗೆ ಮಾತ್ರ. ಎ.ಎ. ಯಾವ ಧರ್ಮಕ್ಕೂ, ಪಕ್ಷಕ್ಕೂ, ಆಸ್ಪತ್ರೆಗೂ ಸೇರಿದ್ದಲ್ಲ.

ಪ್ರಾರ್ಥನೆ ಇದೆ, ಸುಳ್ಳು ಹೇಳುವುದಿಲ್ಲ. ಬದಲಿಸಲು ಆಗದ್ದನ್ನು ಒಪ್ಪಿಕೊಳ್ಳುವ ಶಾಂತಿ, ಆಗುವುದನ್ನು ಬದಲಿಸುವ ಧೈರ್ಯ, ಎರಡರ ವ್ಯತ್ಯಾಸ ತಿಳಿಯುವ ವಿವೇಕ ಕೊಡು ಅಂತ ಕೇಳುವ ಸಣ್ಣ ಪ್ರಾರ್ಥನೆ. ಕುಡಿತ ಬಿಟ್ಟು ಬದುಕಲು ಎ.ಎ. ಹೇಳುವ ಹನ್ನೆರಡು ಹೆಜ್ಜೆಗಳಲ್ಲಿ ದೇವರ ಮಾತು ಬರುತ್ತದೆ, ಆದರೆ "ನಾವು ಅರ್ಥ ಮಾಡಿಕೊಂಡ ಹಾಗೆ" ಅಂತಲೇ ಇದೆ. ನಮ್ಮ ಗುಂಪಿನಲ್ಲಿ ಮಾದಪ್ಪನ ಒಕ್ಕಲಿನವರು ಇದ್ದಾರೆ, ನಮಾಜ್ ಮುಗಿಸಿ ಬರುವವರು ಇದ್ದಾರೆ, ದೇವರನ್ನೇ ನಂಬದವರೂ ಇದ್ದಾರೆ. ನಂಬದವರು ಪ್ರಾರ್ಥನೆ ಹೊತ್ತಲ್ಲಿ ಸುಮ್ನೆ ನಿಲ್ಲುತ್ತಾರೆ. ದೇವರ ಮಾತೇ ಬೇಡ ಅನ್ನುವವರಿಗೆ ಸ್ಮಾರ್ಟ್ ರಿಕವರಿ ಅಂತ ಬೇರೆ ಪದ್ಧತಿ ಇದೆ, ಅವರ ಆನ್‌ಲೈನ್ ಮೀಟಿಂಗ್‌ಗಳು ನಡೆಯುತ್ತವೆ.

ಎ.ಎ. ಶುರುವಾದ ಕಥೆ ಹೇಳುತ್ತೇನೆ, ತಂಗಿ ಇಲ್ಲಿ ಕೇಳಿದ್ದಕ್ಕೂ ಅದಕ್ಕೂ ಸಂಬಂಧ ಇದೆ. 1935ರ ಮೇ ತಿಂಗಳು. ನ್ಯೂಯಾರ್ಕಿನ ಬಿಲ್ ಅನ್ನುವ ಷೇರು ವ್ಯವಹಾರದವರು ಕುಡಿತ ಬಿಟ್ಟು ಕೆಲವೇ ತಿಂಗಳಾಗಿತ್ತು. ವ್ಯವಹಾರಕ್ಕೆ ಅಂತ ಒಹಾಯೋದ ಆಕ್ರನ್ ಊರಿಗೆ ಬಂದಿದ್ದರು. ಬಂದ ಕೆಲಸ ಕೆಟ್ಟಿತ್ತು. ಹೋಟೆಲಿನಲ್ಲಿ ಒಬ್ಬರೇ. ಒಂದು ಕಡೆ ಬಾರ್, ಇನ್ನೊಂದು ಕಡೆ ಟೆಲಿಫೋನ್. ಅವರು ಚರ್ಚುಗಳ ಪಟ್ಟಿ ನೋಡಿ ಫೋನ್ ಮಾಡಿದರು, "ಈ ಊರಲ್ಲಿ ನನ್ನ ಹಾಗೆ ಕುಡಿತದ ತೊಂದರೆ ಇರುವವರ ಜೊತೆ ಮಾತಾಡಬೇಕು" ಅಂತ. ಒಬ್ಬರಿಂದ ಒಬ್ಬರಿಗೆ ಫೋನ್ ದಾಟಿ ಕೊನೆಗೆ ಡಾಕ್ಟರ್ ಬಾಬ್ ಅನ್ನುವ ಸರ್ಜನ್ ಸಿಕ್ಕರು. ಅವರೂ ವಿಪರೀತ ಕುಡಿಯುತ್ತಿದ್ದರು. ಹದಿನೈದು ನಿಮಿಷ ಮಾತ್ರ ಇರುತ್ತೇನೆ ಅಂತ ಬಂದವರು ಗಂಟೆಗಟ್ಟಲೆ ಕೂತರು. ಬಾಬ್ ಕೊನೆಯ ಸಲ ಕುಡಿದ ದಿನ 1935ರ ಜೂನ್ 10. ಅದನ್ನೇ ಎ.ಎ. ಹುಟ್ಟಿದ ದಿನ ಅನ್ನುತ್ತೇವೆ.

ಬಿಲ್ ಅವತ್ತು ಫೋನ್ ಮಾಡಿದ್ದು ಬಾಬ್‌ರನ್ನು ಸರಿಮಾಡಲು ಅಷ್ಟೇ ಅಲ್ಲ, ತಾನು ಮತ್ತೆ ಕುಡಿಯದಿರಲು ಕೂಡ. ಹಾಗಾಗಿ ತಂಗಿ, ನಿಮ್ಮ ಅಣ್ಣನ ಜೊತೆ ಕೂತು ಮಾತಾಡುವ ಸದಸ್ಯರಿಗೆ ತೊಂದರೆ ಕೊಟ್ಟೆವಲ್ಲ ಅಂದುಕೊಳ್ಳಬೇಡಿ. ಅವರಿಗೂ ಅದು ಬೇಕು.

ಲೆಕ್ಕದ ಮೇಷ್ಟ್ರು

ಇದರಿಂದ ನಿಜವಾಗಿ ಉಪಯೋಗ ಇದೆ ಅಂತ ಏನು ಆಧಾರ? ಬಿಟ್ಟವರು ಮಾತಾಡುತ್ತಾರೆ, ಬಿಡಲಾಗದವರು ಮನೆಗೆ ಹೋಗುತ್ತಾರೆ. ನಮಗೆ ಬಿಟ್ಟವರ ಕಥೆ ಮಾತ್ರ ಕೇಳಿಸುತ್ತದೆ.

ವಾರ್ಡ್ ನರ್ಸ್

ಸರ್, ನೀವು ಹೇಳಿದ್ದು ಸರಿಯಾದ ಅನುಮಾನ. ಬಹಳ ವರ್ಷ ಸಂಶೋಧಕರೂ ಇದನ್ನೇ ಕೇಳಿದರು. 2020ರಲ್ಲಿ ಕಾಕ್ರೇನ್ ಸಂಸ್ಥೆಯವರು 27 ಅಧ್ಯಯನಗಳನ್ನು ಒಟ್ಟಿಗೆ ಪರಿಶೀಲಿಸಿದರು, ಹತ್ತು ಸಾವಿರಕ್ಕಿಂತ ಜಾಸ್ತಿ ಜನರ ಮಾಹಿತಿ. ಡಾಕ್ಟರ್ ಅಥವಾ ಆಪ್ತಸಲಹೆಗಾರರು ವ್ಯವಸ್ಥಿತವಾಗಿ ಎ.ಎ.ಗೆ ಸೇರಿಸಿದಾಗ, ಪೂರ್ತಿ ಬಿಟ್ಟು ಉಳಿಯುವುದರಲ್ಲಿ ಅದು ಬೇರೆ ಮಾತಿನ ಚಿಕಿತ್ಸೆಗಳಿಗಿಂತ ಮುಂದಿತ್ತು. ಉಳಿದ ವಿಷಯಗಳಲ್ಲಿ ಹೆಚ್ಚುಕಡಿಮೆ ಅವುಗಳಷ್ಟೇ. ಆ ಅಧ್ಯಯನಗಳು ಬಹುಪಾಲು ಹೊರದೇಶದವು ಅನ್ನುವುದನ್ನು ನೆನಪಿಡಬೇಕು. ಎಲ್ಲರಿಗೂ ಒಗ್ಗುತ್ತದೆ ಅಂತಲೂ ಅಲ್ಲ.

ನನ್ನನ್ನು ಕಾಡುವ ಅಂಕಿ ಬೇರೆ ಇದೆ. ಏಮ್ಸ್‌ನವರು ಸಾಮಾಜಿಕ ನ್ಯಾಯ ಸಚಿವಾಲಯಕ್ಕಾಗಿ ಮಾಡಿದ ದೇಶದ ಸಮೀಕ್ಷೆ 2019ರಲ್ಲಿ ಬಂತು. ಕುಡಿತಕ್ಕೆ ಅಂಟಿಕೊಂಡ 38 ಜನರಲ್ಲಿ ಒಬ್ಬರಿಗೆ ಮಾತ್ರ ಯಾವುದಾದರೂ ಚಿಕಿತ್ಸೆ ಸಿಕ್ಕಿತ್ತು. ಒಳರೋಗಿಯಾಗಿ ಸೇರಿದವರು 180 ಜನರಲ್ಲಿ ಒಬ್ಬರು. ಉಳಿದವರಿಗೆ ಮೀಟಿಂಗ್ ಆಗಲಿ, ಮಾತ್ರೆ ಆಗಲಿ, ಶಿಬಿರ ಆಗಲಿ, ಏನೂ ತಲುಪಿಲ್ಲ. ಯಾವುದು ಮೇಲು ಅಂತ ವಾದ ಮಾಡುವಷ್ಟು ಅನುಕೂಲ ನಮಗೆ ಇನ್ನೂ ಬಂದಿಲ್ಲ ಸರ್.

ಮೈಸೂರು ಮಲ್ಲಿಗೆ ಗಿಡ

ಎಲ್ಲರೂ ಅಣ್ಣನ ಬಗ್ಗೆ ಬರೆದಿದ್ದಾರೆ. ನಾನು ಅತ್ತಿಗೆ ಬಗ್ಗೆ ಬರೆಯುತ್ತೇನೆ. ನನ್ನ ಯಜಮಾನರು ಕುಡಿಯುತ್ತಿದ್ದರು. ಅವರು ಮೀಟಿಂಗ್‌ಗೆ ಹೋಗಲು ಒಪ್ಪುವ ಬಹಳ ಮೊದಲೇ ನಾನು ಅಲ್-ಅನಾನ್‌ಗೆ ಹೋಗಲು ಶುರು ಮಾಡಿದೆ. ಕುಡಿಯುವವರ ಮನೆಯವರಿಗಾಗಿ ಇರುವ ಗುಂಪು ಅದು. 1951ರಲ್ಲಿ ಆ ಬಿಲ್ ಅವರ ಹೆಂಡತಿ ಲೋಯಿಸ್ ಮತ್ತು ಇನ್ನೊಬ್ಬರು ಸೇರಿ ಶುರು ಮಾಡಿದ್ದು. ಹದಿಹರೆಯದ ಮಕ್ಕಳಿಗೆ ಅಲಟೀನ್ ಅಂತ ಬೇರೆ ಇದೆ.

ಅಲ್ಲಿ ಮೊದಲು ಕೇಳಿಸಿಕೊಂಡಿದ್ದು: ಈ ಕುಡಿತ ನನ್ನಿಂದ ಬಂದಿದ್ದಲ್ಲ, ಅದನ್ನು ಹಿಡಿತದಲ್ಲಿ ಇಡುವುದು ನನ್ನಿಂದ ಆಗದು, ವಾಸಿ ಮಾಡುವುದೂ ನನ್ನಿಂದ ಆಗದು. "ಹೆಂಡತಿ ಸರಿಯಾಗಿದ್ದರೆ ಗಂಡ ಯಾಕೆ ಕುಡಿಯುತ್ತಾನೆ" ಅಂತ ಅತ್ತೆ ಮನೆಯಲ್ಲೂ ತವರಲ್ಲೂ ಕೇಳಿಸಿಕೊಂಡವಳಿಗೆ ಆ ಮಾತು ಎಷ್ಟು ದೊಡ್ಡದು ಅಂತ ಹೇಗೆ ಹೇಳಲಿ.

ನಾನು ಬಾಟಲಿ ಹುಡುಕಿ ಸಿಂಕಿಗೆ ಸುರಿಯುವುದನ್ನು ನಿಲ್ಲಿಸಿದೆ. ಅವರ ಆಫೀಸಿಗೆ ಫೋನ್ ಮಾಡಿ "ಜ್ವರ" ಅನ್ನುವುದನ್ನು ನಿಲ್ಲಿಸಿದೆ. ಸಂಘದ ಸಾಲ ತೆಗೆದು ಅವರ ಬಾಕಿ ತೀರಿಸುವುದನ್ನು ನಿಲ್ಲಿಸಿದೆ. ಅನ್ನ ಹಾಕುವುದನ್ನು, ಮಾತಾಡುವುದನ್ನು ನಿಲ್ಲಿಸಲಿಲ್ಲ. ಹೊಡೆಯಲು ಬಂದ ದಿನ ಮಕ್ಕಳನ್ನು ಕರೆದುಕೊಂಡು ಅಕ್ಕನ ಮನೆಗೆ ಹೋದೆ. ಹೊಡೆತ ಇದ್ದರೆ ತಾಳ್ಮೆಯ ಮಾತು ಆಮೇಲೆ, ಮೊದಲು ಅಲ್ಲಿಂದ ಹೊರಗೆ ಬರಬೇಕು. 181 ಮಹಿಳಾ ಸಹಾಯವಾಣಿ, 112 ಪೊಲೀಸ್. ಅತ್ತಿಗೆ ಫೋನಿನಲ್ಲಿ ಎರಡೂ ನಂಬರ್ ಹಾಕಿಕೊಡಿ.

ಹತ್ತಿರ ಅಲ್-ಅನಾನ್ ಇಲ್ಲದಿದ್ದರೆ ಆನ್‌ಲೈನ್ ಮೀಟಿಂಗ್ ಇದೆ. ಮಧ್ಯಾಹ್ನ ಕೆಲಸ ಮುಗಿದ ಮೇಲೆ ಇಯರ್‌ಫೋನ್ ಹಾಕಿಕೊಂಡು ಕೇಳಿದರೂ ಸಾಕು. ಅಣ್ಣ ಬಿಡಲಿ, ಬಿಡದಿರಲಿ, ಅತ್ತಿಗೆ ಹೋಗಲಿ.

ಹೆಸರು ಬೇಡ

ಇದನ್ನು ಓದಿ ಧೈರ್ಯ ಮಾಡಿ ಬರೆಯುತ್ತಿದ್ದೇನೆ. ನಾನು ಹೆಂಗಸು. ಕುಡಿಯುವುದು ನಾನೇ. ಮನೆಯಲ್ಲಿ ಯಾರಿಗೂ ಗೊತ್ತಿಲ್ಲ. ಐಟಿ ಕೆಲಸ, ರಾತ್ರಿ ಪಾಳಿ. ಗಂಡಸರೇ ತುಂಬಿರುವ ರೂಮಿಗೆ ಹೋಗಿ ಹೇಳಿಕೊಳ್ಳಲು ಆಗಲ್ಲ. ದಾರಿ ಇದೆಯಾ?

ಇವತ್ತಿಗೆ ಸಾಕು

ಇದೆ, ಮೇಡಂ. ಬರೆದದ್ದು ತುಂಬಾ ಒಳ್ಳೆಯದಾಯಿತು. ಸಹಾಯವಾಣಿಗೆ ಫೋನ್ ಮಾಡಿ "ಮಹಿಳಾ ಸದಸ್ಯರ ಜೊತೆ ಮಾತಾಡಬೇಕು" ಅನ್ನಿ. ಹೆಣ್ಣುಮಕ್ಕಳ ಜೊತೆ ಹೆಣ್ಣುಮಕ್ಕಳೇ ಮಾತಾಡಲಿ ಅಂತ ನಾವೂ ಬಯಸುತ್ತೇವೆ. ಎ.ಎ. ಆನ್‌ಲೈನ್ ಇಂಟರ್‌ಗ್ರೂಪ್ ಪಟ್ಟಿಯಲ್ಲಿ ಹೆಂಗಸರಿಗೆ ಮಾತ್ರ ಇರುವ ಮೀಟಿಂಗ್‌ಗಳನ್ನು ಬೇರೆ ಮಾಡಿ ನೋಡಬಹುದು. ಬೇರೆ ಬೇರೆ ದೇಶದವರು ನಡೆಸುವುದರಿಂದ ನಿಮ್ಮ ಪಾಳಿ ಮುಗಿಯುವ ಬೆಳಗಿನ ಜಾವಕ್ಕೂ ಒಂದಲ್ಲ ಒಂದು ಇರುತ್ತದೆ. ಹೆಚ್ಚಿನವು ಇಂಗ್ಲಿಷಿನಲ್ಲಿ. ಕ್ಯಾಮೆರಾ ಆಫ್ ಮಾಡಿ, ಬೇರೆ ಹೆಸರು ಹಾಕಿಕೊಂಡು ಸುಮ್ನೆ ಕೇಳಿ. ಮಾತಾಡಲು ಯಾರೂ ಬಲವಂತ ಮಾಡುವುದಿಲ್ಲ. ಗಲ್ಫ್‌ನಲ್ಲಿರುವ ನಮ್ಮವರು ಎಷ್ಟೋ ಜನ ಹೀಗೇ ಸೇರುತ್ತಾರೆ.

ಮೈಸೂರು ಮಲ್ಲಿಗೆ ಗಿಡ

ಹೆಸರು ಬೇಡ ಅವರೇ, ನೀವು ಒಬ್ಬರೇ ಅಲ್ಲ. ನಮ್ಮ ಓಪನ್ ಮೀಟಿಂಗ್‌ನಲ್ಲಿ ಒಬ್ಬ ಟೀಚರ್ ಮಾತಾಡಿದ್ದನ್ನು ಕೇಳಿದ್ದೇನೆ. ನೀವೂ ಬೆಳಿಗ್ಗೆ ನಡುಕ ಇದ್ದರೆ ನರ್ಸ್ ಮೇಡಂ ಬರೆದಿದ್ದನ್ನು ಮತ್ತೊಮ್ಮೆ ಓದಿ.

ಕಹಿ ಬೇವು

ಸೆಂಟರ್‌ಗಳ ವಿಷಯ ಯಾರೂ ಹೇಳಲಿಲ್ಲ. ನಮ್ಮ ತಮ್ಮನನ್ನು ಒಂದು ಖಾಸಗಿ ಜಾಗಕ್ಕೆ ಸೇರಿಸಿದ್ದೆವು. ರಾತ್ರಿ ಹೊತ್ತು ನಾಲ್ಕು ಜನ ಬಂದು ಗಾಡಿಯಲ್ಲಿ ಎತ್ತಿಕೊಂಡು ಹೋದರು. ತಿಂಗಳುಗಟ್ಟಲೆ ಫೋನ್ ಕೊಡಲಿಲ್ಲ. ಬಂದಾಗ ಬೆನ್ನ ಮೇಲೆ ಬಾಸುಂಡೆ. ಈಗ ಯಾವ ಮೀಟಿಂಗ್ ಅಂದರೂ ಹೆದರುತ್ತಾನೆ.

ಕಾನೂನು ಓದಿದವಳು

ಓದಿ ಸಂಕಟವಾಯಿತು. ಎಲ್ಲರಿಗೂ ಗೊತ್ತಿರಲಿ ಅಂತ ಹೇಳುತ್ತೇನೆ. 2017ರ ಮಾನಸಿಕ ಆರೋಗ್ಯ ರಕ್ಷಣಾ ಕಾಯ್ದೆಯಲ್ಲಿ ಮಾನಸಿಕ ಕಾಯಿಲೆ ಅನ್ನುವುದರೊಳಗೆ ಮದ್ಯ, ಮಾದಕ ವಸ್ತುವಿನಿಂದ ಬರುವ ಮಾನಸಿಕ ತೊಂದರೆಗಳೂ ಸೇರುತ್ತವೆ. ಇಂಥವರನ್ನು ಇಟ್ಟುಕೊಂಡು ಚಿಕಿತ್ಸೆ ಕೊಡುವ ಜಾಗ ರಾಜ್ಯ ಮಾನಸಿಕ ಆರೋಗ್ಯ ಪ್ರಾಧಿಕಾರದಲ್ಲಿ ನೋಂದಣಿ ಮಾಡಿಸಿರಬೇಕು. ಹೊಡೆಯುವಂತಿಲ್ಲ. ಸರಪಳಿ ಹಾಕುವುದನ್ನು ಕಾಯ್ದೆ ನೇರವಾಗಿ ನಿಷೇಧಿಸಿದೆ. ಮನೆಯವರ ಜೊತೆ ಫೋನಿನಲ್ಲಿ ಮಾತಾಡುವುದು ರೋಗಿಯ ಹಕ್ಕು. ಮಾನಸಿಕ ಆರೋಗ್ಯ ಪರಿಶೀಲನಾ ಮಂಡಳಿಗೆ ದೂರು ಕೊಡಬಹುದು.

ಸೇರಿಸುವ ಮೊದಲು ನೋಂದಣಿ ಪತ್ರ ತೋರಿಸಿ ಅನ್ನಿ. ಮನೋವೈದ್ಯರು ಯಾರು, ಯಾವ ದಿನ ಬರುತ್ತಾರೆ ಕೇಳಿ. ಒಳಗಿನ ರೂಮ್ ತೋರಿಸಿ ಅನ್ನಿ. "ನಾವೇ ಬಂದು ಎತ್ತಿಕೊಂಡು ಹೋಗುತ್ತೇವೆ" ಅಂದರೆ, "ಒಂದು ತಿಂಗಳು ನೋಡಲು ಬರುವಂತಿಲ್ಲ" ಅಂದರೆ, ಫೋನ್ ಇಡಿ.

ಇವತ್ತಿಗೆ ಸಾಕು

ಕಹಿ ಬೇವು ಅವರೇ, ತಮ್ಮನಿಗೆ ಒಂದು ಮಾತು ತಲುಪಿಸಿ. ಮೀಟಿಂಗ್ ರೂಮಿನ ಬಾಗಿಲು ತೆರೆದೇ ಇರುತ್ತದೆ. ಮಧ್ಯದಲ್ಲಿ ಎದ್ದು ಹೋದರೂ ಯಾರೂ ತಡೆಯುವುದಿಲ್ಲ, ಯಾಕೆ ಅಂತ ಕೇಳುವುದಿಲ್ಲ. ಮೊದಲ ಸಲ ಬಾಗಿಲ ಪಕ್ಕದ ಕುರ್ಚಿಯಲ್ಲೇ ಕೂರಲಿ.

ಪಟ್ಟಣದ ತಂಗಿ (ಕೆಲವು ವಾರಗಳ ನಂತರ)

ಎಲ್ಲರಿಗೂ ತಿಳಿಸಬೇಕು ಅನ್ನಿಸಿತು. ಅವತ್ತೇ 14416ಕ್ಕೆ ಫೋನ್ ಮಾಡಿದೆ. ಅವರು ಅಣ್ಣನ ಜೊತೆಯೇ ಮಾತಾಡಿದರು. ಬೈಗುಳ ಇಲ್ಲದೆ ಯಾರೋ ಮಾತಾಡಿದರು ಅಂತ ಅವನಿಗೆ ಆಶ್ಚರ್ಯ. ಸರ್ಕಾರಿ ಆಸ್ಪತ್ರೆಯಲ್ಲಿ ಅಡ್ಮಿಟ್ ಆದ. ಹಸುಗಳನ್ನು ಪಕ್ಕದ ಮನೆ ಚಿಕ್ಕಪ್ಪ ನೋಡಿಕೊಂಡರು. ಮೊದಲ ಕೆಲವು ರಾತ್ರಿ ಬಹಳ ಕಷ್ಟಪಟ್ಟ. ಆಮೇಲೆ ಊಟ ಸೇರಿತು, ನಿದ್ದೆ ಬಂತು.

ಎ.ಎ. ಸಹಾಯವಾಣಿಯಿಂದ ಒಬ್ಬ ಸದಸ್ಯರ ನಂಬರ್ ಸಿಕ್ಕಿತು. ಯಾವ ಊರಿನವರು ಅಂತ ಬರೆಯುವುದಿಲ್ಲ. ಆಸ್ಪತ್ರೆಗೇ ಬಂದರು. ಅವರೂ ತೋಟ ಇರುವವರು. ಅಣ್ಣನ ಪಕ್ಕ ಕೂತು ತಮ್ಮ ಕಥೆ ಮಾತ್ರ ಹೇಳಿದರು. ಕುಡಿಯಬೇಡ ಅಂತ ಒಂದು ಸಲವೂ ಹೇಳಲಿಲ್ಲ. ಅವರು ಹೋದ ಮೇಲೆ ಅಣ್ಣ ಅತ್ತಿಗೆಗೆ, "ಅವರು ಕುಡಿಯುತ್ತಿದ್ದದ್ದು ನನಗಿಂತ ಜಾಸ್ತಿ" ಅಂದನಂತೆ.

ಈಗ ಹತ್ತಿರದ ಪಟ್ಟಣದ ಮೀಟಿಂಗ್‌ಗೆ ಹೋಗುತ್ತಿದ್ದಾನೆ. ಮಾತಾಡುವುದು ಕನ್ನಡದಲ್ಲೇ. ಚಿಕ್ಕ ಗುಂಪು. ತೊಂದರೆ ಇರುವುದು ವಾಪಸ್ ಬರುವುದಕ್ಕೆ. ಮೀಟಿಂಗ್ ಮುಗಿಯುವಷ್ಟರಲ್ಲಿ ಊರ ಬಸ್ ಹೋಗಿರುತ್ತದೆ. ಬಸ್‌ಸ್ಟ್ಯಾಂಡ್ ಎದುರೇ ವೈನ್ ಶಾಪ್. ಇನ್ನೊಂದು, ಅಲ್ಲಿ ಒಬ್ಬರು "ಆಸ್ಪತ್ರೆ ಮಾತ್ರೆ ನುಂಗುವವನು ಪೂರ್ತಿ ಬಿಟ್ಟ ಹಾಗಲ್ಲ" ಅಂದರಂತೆ. ಅಣ್ಣ ಮಾತ್ರೆ ನಿಲ್ಲಿಸಲಾ ಅಂತ ಕೇಳುತ್ತಿದ್ದಾನೆ.

ವಾರ್ಡ್ ನರ್ಸ್

ನಿಲ್ಲಿಸಬಾರದು. ಡಾಕ್ಟರ್ ಹೇಳುವವರೆಗೆ ಒಂದು ಮಾತ್ರೆಯನ್ನೂ ಬಿಡಬಾರದು.

ಇವತ್ತಿಗೆ ಸಾಕು

ನಿಮ್ಮ ಸುದ್ದಿ ಓದಿ ಬಹಳ ಸಂತೋಷವಾಯಿತು, ತಂಗಿ. ಮಾತ್ರೆ ವಿಷಯ ಆ ಸದಸ್ಯರ ಸ್ವಂತ ಅಭಿಪ್ರಾಯ. ನಮ್ಮಲ್ಲಿ ಯಾರೂ ಡಾಕ್ಟರ್ ಆಡಬಾರದು ಅಂತ ಎ.ಎ. ತನ್ನ ಪುಸ್ತಿಕೆಯಲ್ಲೇ ಹೇಳಿದೆ. ಸಕ್ಕರೆ ಕಾಯಿಲೆಯವರು ಮೀಟಿಂಗ್‌ಗೆ ಬಂದರೆ ಇನ್ಸುಲಿನ್ ಬಿಡಿ ಅನ್ನುತ್ತೇವಾ?

ಬಸ್ಸಿನ ವಿಷಯ ಮೀಟಿಂಗ್‌ನಲ್ಲೇ ಎದ್ದು ಹೇಳಲಿ. ನಾಚಿಕೆ ಬೇಡ. ಬೈಕ್ ಇರುವವರು ಯಾರಾದರೂ ಬಿಟ್ಟು ಬರುತ್ತಾರೆ. ಮೀಟಿಂಗ್ ಇಲ್ಲದ ದಿನ ಸಂಜೆ, ಹಾಲು ಕರೆದು ಡೈರಿಗೆ ಹೋಗುವ ಮೊದಲು, ಆ ಸದಸ್ಯರಿಗೆ ಒಂದು ಫೋನ್ ಮಾಡಲಿ. ಕುಡಿಯುವ ಆಸೆ ಬಂದ ಮೇಲೆ ಫೋನ್ ಮಾಡುವುದು ಕಷ್ಟ. ದಿನಾ ಮಾಡುವ ಅಭ್ಯಾಸ ಇದ್ದರೆ ಅವತ್ತೂ ಕೈ ಅದೇ ನಂಬರಿಗೆ ಹೋಗುತ್ತದೆ.

ನೇತ್ರಾವತಿ ದಡ

ನವಜೀವನ ಸಮಿತಿಯನ್ನೂ ಬಿಡಬೇಡಿ. ಊರಲ್ಲೇ ಇದ್ದರೆ ಬಸ್ಸಿನ ತಾಪತ್ರಯ ಇಲ್ಲ. ಎರಡೂ ಕಡೆ ಹೋಗಬಾರದು ಅಂತ ಎಲ್ಲೂ ಇಲ್ಲ.

ಪಟ್ಟಣದ ತಂಗಿ

ಸೇವಾಪ್ರತಿನಿಧಿ ಹತ್ತಿರ ಅಮ್ಮ ವಿಚಾರಿಸುತ್ತಿದ್ದಾರೆ. ಈಗ ನಮ್ಮ ಭಯ ಎಲ್ಲ ಯುಗಾದಿಯದ್ದು. ಹಬ್ಬದ ದಿನ ಇಸ್ಪೀಟು. ಮರುದಿನ ಹೊಸತೊಡಕು. ನಮ್ಮೂರಲ್ಲಿ ಬೆಳಿಗ್ಗೆ ಗುಡ್ಡೆ ಮಾಂಸ ಹಂಚಿಕೊಳ್ಳಲು ಗಂಡಸರೆಲ್ಲ ತೋಪಿನಲ್ಲಿ ಸೇರುತ್ತಾರೆ, ಅಲ್ಲೇ ಶುರುವಾಗುತ್ತದೆ. ಹೋಗದಿದ್ದರೆ ಮನೆಗೇ ಕರೆಯಲು ಬರುತ್ತಾರೆ. ಏನು ಮಾಡೋದು?

ಇವತ್ತಿಗೆ ಸಾಕು

ಮೊದಲ ವರ್ಷ ತೋಪಿಗೆ ಹೋಗುವುದೇ ಬೇಡ. ಮಾಂಸ ತರಲು ಬೇರೆ ಯಾರನ್ನಾದರೂ ಕಳಿಸಿ. ಕರೆಯಲು ಬಂದವರಿಗೆ "ಲಿವರ್ ತೊಂದರೆ, ಡಾಕ್ಟರ್ ಮಾತ್ರೆ ಕೊಟ್ಟಿದ್ದಾರೆ" ಅಂತ ಅಣ್ಣನೇ ಹೇಳಲಿ, ಅದಕ್ಕಿಂತ ಜಾಸ್ತಿ ವಿವರ ಕೊಡಬೇಕಾಗಿಲ್ಲ. ಆ ಎರಡು ದಿನ ಮೀಟಿಂಗ್ ಇದೆಯಾ ಅಂತ ಈಗಲೇ ಕೇಳಿಟ್ಟುಕೊಳ್ಳಿ, ಹಬ್ಬದ ದಿನ ಕೆಲವು ಕಡೆ ಸಮಯ ಬದಲಾಗುತ್ತದೆ. ಹೊಸತೊಡಕಿನ ದಿನ ಅತ್ತಿಗೆ, ಮಕ್ಕಳನ್ನು ಕರೆದುಕೊಂಡು ಅತ್ತಿಗೆಯ ತವರಿಗೆ ಹೋಗಬಹುದಾ? ಅಲ್ಲಿ ಕುಡಿಯುವವರು ಇಲ್ಲದಿದ್ದರೆ ಮಾತ್ರ.

ಮೈಸೂರು ಮಲ್ಲಿಗೆ ಗಿಡ

ಅಡುಗೆ ಬೇಗ ಮುಗಿಸಲು ಹೇಳಿ. ನಮ್ಮ ಮನೆಯಲ್ಲಿ ಮೊದಲ ವರ್ಷ ಹತ್ತು ಗಂಟೆಗೇ ಊಟ ಬಡಿಸಿದ್ದೆ. ಹಸಿದ ಹೊಟ್ಟೆಯಲ್ಲಿ ಆಸೆ ಜಾಸ್ತಿ ಆಗುತ್ತದೆ ಅಂತ ಅವರೇ ಹೇಳುತ್ತಿದ್ದರು.

ಪಟ್ಟಣದ ತಂಗಿ

ಅತ್ತಿಗೆಯ ತವರಲ್ಲಿ ಯಾರೂ ಕುಡಿಯುವುದಿಲ್ಲ. ಅಣ್ಣನನ್ನು ಕೇಳಿದೆ, ಹೋಗೋಣ ಅಂದ. ಹಬ್ಬದ ಸಂಜೆ ಮೀಟಿಂಗ್ ಇದೆಯಂತೆ, ಎಂದಿಗಿಂತ ಒಂದು ಗಂಟೆ ಮೊದಲು. ಮುಗಿಸಿಕೊಂಡು ಅಲ್ಲಿಂದಲೇ ಬೈಕಲ್ಲಿ ಹೊರಡುತ್ತಾರೆ. ಮಾಂಸ ತರಲು ಚಿಕ್ಕಪ್ಪನ ಮಗ ಹೋಗುತ್ತಾನೆ. ನಾನು ಹಿಂದಿನ ದಿನವೇ ಊರಿಗೆ ಬರುತ್ತಿದ್ದೇನೆ, ಹಸು ನನ್ನ ಪಾಲಿಗೆ.